ಅಳಿಸಿದ ನೀಲಿ ಗೆರೆ

ಮಂಗಳವಾರ

ಪ್ರೂಫ್ ರೀಡರ್ ಸಾಹೇಬರಿಗೆ ಲೈಬ್ರರಿಯವಳ ನಮಸ್ಕಾರ.

ನೀವು ರಬ್ಬರ್ ಹಾಕಿ ಉಜ್ಜಿದ ಕತ್ತೆಯ ಚಿತ್ರ ಕೆಟ್ಟಿಲ್ಲ. ಹೀಗೆಂದವರು ಮ್ಯೂಸಿಯಂನ ಪರೀಕ್ಷಕಿ, ನಾನಲ್ಲ. ನಾನು ಹೇಳಿದರೆ ನೀವೆಲ್ಲಿ ನಂಬುತ್ತೀರಿ?

ನಿನ್ನೆ ಅವರು ನನ್ನ ಹತ್ತಿರ ಉಳಿದ ವ್ಯಂಗ್ಯಚಿತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿದರು. ಕತ್ತೆಯ ಚಿತ್ರ ಬಂದಾಗ, ಅದು ಬಿಡಿ, ನೀಲಿ ಗೆರೆ ಹೋಗಿದೆ ಎಂದೆ. ಅವರು ಪರದೆ ಎಳೆದು, ಟಾರ್ಚನ್ನು ಕಾಗದದ ಅಂಚಿಗೆ ಮಲಗಿಸಿ ಹಿಡಿದರು. ಬಣ್ಣ ಹೋಗಿದೆ, ಪೆನ್ಸಿಲ್ ಒತ್ತಿದ ಗುರುತು ಹಾಗೇ ಇದೆ. ಚಿತ್ರಕಾರ ಮೊದಲು ಮಂತ್ರಿಯನ್ನು ಕತ್ತೆಯ ಮೇಲೆ ಬಾಲದ ಕಡೆ ಮುಖ ಮಾಡಿ ಕೂರಿಸಿದ್ದನಂತೆ. ಆಮೇಲೆ ತಿರುಗಿಸಿ ಶಾಯಿ ಹಾಕಿದ್ದಾನೆ. ಹೆದರಿದ್ದು ಸಂಪಾದಕರೋ ಕತ್ತೆಯೋ ಎಂದು ಪರೀಕ್ಷಕಿ ನಕ್ಕರು. ನೀವಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದಿರಿ.

ಆ ಚಿತ್ರ ಸಿಕ್ಕ ಭಾನುವಾರ ನೆನಪಿದೆಯೇ? ಪತ್ರಿಕೆಯಲ್ಲಿ ಅಚ್ಚು ಹಾಕಲು ಲೋಹದ ಬ್ಲಾಕ್ ಮಾಡಿ ಮುಗಿದ ಮೇಲೆ ಮೂಲ ಚಿತ್ರ ಯಾರಿಗೆ ಬೇಕಿತ್ತು! ಬ್ಲಾಕ್ ಮೇಕರ್ ಮನೆಯಲ್ಲಿ ಅದನ್ನು ಪಾತ್ರೆ ಕಪಾಟಿಗೆ ಹಾಸಿದ್ದರು. ರದ್ದಿಗಾಗಿ ಇಷ್ಟು ದೂರ ಬಂದಿರಾ, ತಲೆ ನೆಟ್ಟಗಿದೆ ತಾನೇ ಎಂದು ಅವರ ಹೆಂಡತಿ ಕೇಳಿದ್ದರು. ಬಸ್ಸಿನಲ್ಲಿ ಸಿಕ್ಕ ಒಂದೇ ಸೀಟಿನಲ್ಲಿ ಚಿತ್ರವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ನೀವು ಕೂತಿರಿ. ನಾನು ಊರು ಬರುವವರೆಗೂ ನಿಂತೇ ಇದ್ದೆ.

ಬ್ಲಾಕಿನ ಕ್ಯಾಮೆರಾಕ್ಕೆ ನೀಲಿ ಕಾಣದು. ಅದಕ್ಕೇ ಆ ಕಾಲದವರು ನೀಲಿ ಪೆನ್ಸಿಲಿನಲ್ಲಿ ಗೀಚಿ, ಅಳಿಸದೆ ಬಿಡುತ್ತಿದ್ದರು. ನಿಮ್ಮ ಕಣ್ಣಿಗೆ ಅವು ಪ್ರೂಫಿನಲ್ಲಿ ಉಳಿದ ತಪ್ಪುಗಳು. ಪ್ರದರ್ಶನಕ್ಕೆ ಚಿತ್ರ ಚೊಕ್ಕಟವಾಗಿರಲಿ ಎಂದು ಉಜ್ಜಿದಿರಿ. ಅಂದಿನ ಜಗಳವನ್ನು ಇಲ್ಲಿ ಮರುಮುದ್ರಣ ಮಾಡುವುದಿಲ್ಲ. ಅರ್ಧ ಚಿತ್ರಗಳನ್ನು ಕಟ್ಟಿಕೊಂಡು ನೀವು ನಿಮ್ಮ ಅಕ್ಕನ ಮನೆ ಸೇರಿದಿರಿ. ಅಲ್ಲಿ ಅವರು ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲವಂತೆ, ಚಿತ್ರಗಳೆಲ್ಲ ಮಂಚದ ಕೆಳಗಿವೆಯಂತೆ. ಸುದ್ದಿಮೂಲ ಹೇಳಲಾರೆ.

ಮ್ಯೂಸಿಯಂನವರು ಎಲ್ಲವನ್ನೂ ಒಂದೇ ಕೋಣೆಯಲ್ಲಿ ತೂಗುಹಾಕುತ್ತಾರೆ. ಅರ್ಧ ಸಂಗ್ರಹವಾದರೆ ಅವರಿಗೆ ಬೇಡ. ಆದ್ದರಿಂದ ನಿಮ್ಮ ಪಾಲಿನ ಚಿತ್ರಗಳು ಇಲ್ಲಿಗೆ ಬರಬೇಕು. ಈ ಪತ್ರ ಅಷ್ಟಕ್ಕೇ, ಬೇರೆ ಅರ್ಥ ಹುಡುಕಬೇಡಿ.

ಇಂತಿ,
ಲೈಬ್ರರಿಯವಳು

ಮರೆತಿದ್ದೆ: ಉಳಿದ ಚಿತ್ರಗಳೆಲ್ಲಿ ಎಂದು ಪರೀಕ್ಷಕಿ ಕೇಳಿದರು. ನಮ್ಮನೆಯವರು ತರಲು ಅಕ್ಕನ ಮನೆಗೆ ಹೋಗಿದ್ದಾರೆ, ಇನ್ನೇನು ಬಂದುಬಿಡುತ್ತಾರೆ ಎಂದೆ. ಹೋಗಿ ಮೂರು ವರ್ಷವಾಯಿತು ಎನ್ನಲು ಬಾಯಿ ಬರಲಿಲ್ಲ. ಅವರೆದುರು ನನ್ನ ಮಾತನ್ನು ತಿದ್ದಬೇಡಿ. ಮುಂದಿನ ವಾರ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಮತ್ತೆ ಬರುತ್ತಾರೆ.