ಎರಡೂ ಕಡೆಯಿಂದ ಒಂದೊಂದು ಹೆಸರು

ಪಡುಬೈಲು, ಕಾಪು
೨೬ ಅಕ್ಟೋಬರ್ ೨೦೨೫

ಪ್ರೀತಿಯ ಮೈಮೂನಾ,

ನೀನೂ ಮಕ್ಕಳೂ ಸೌಖ್ಯವಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ತಾಯಿ, ನಮ್ಮೆಲ್ಲರ ಉಮ್ಮ, ತೀರಿಹೋಗಿ ಇಷ್ಟು ದಿನವಾದರೂ ನನ್ನಿಂದ ನಿನಗೊಂದು ಮಾತು ಬರಲಿಲ್ಲ. ಬೇಸರ ಮಾಡಿಕೊಳ್ಳಬೇಡ. ನಮ್ಮ ಮನೆಯ ಎರಡೂ ಫೋನುಗಳನ್ನು ಪೊಲೀಸರು ಪರೀಕ್ಷೆಗೆಂದು ಕೊಂಡುಹೋದವರು ಇನ್ನೂ ಕೊಟ್ಟಿಲ್ಲ. ನಮ್ಮ ಚರ್ಚಿನ ರೋಸಲಿನ್‌ಳ ಮಗಳು ರೀನಾ ನಾಳೆ ಶಾರ್ಜಾಕ್ಕೆ ಹಿಂದಿರುಗುತ್ತಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಹುಟ್ಟಿದಂದಿನಿಂದ ನಾವಿಬ್ಬರು ಒಬ್ಬರಿಗೊಬ್ಬರು ತುಳುವಿನಲ್ಲೇ ಮಾತಾಡಿದವರು. ಶಾಲೆ ಬಿಟ್ಟ ಮೇಲೆ ನಿನಗೆ ಕನ್ನಡದಲ್ಲಿ ಬರೆಯುವುದು ಇದೇ ಮೊದಲು. ಕೈ ನಿಧಾನವಾಗಿ ಹೋಗುತ್ತದೆ.

ನಿನ್ನ ತಮ್ಮ ಹನೀಫ್ ಎಷ್ಟು ಹೇಳಿದ್ದಾನೋ ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದಲೇ ಬರೆಯುತ್ತೇನೆ.

ಈ ಸಲ ಮಿಲಾದ್ ಮತ್ತು ನಮ್ಮ ಮರಿಯಮ್ಮನವರ ಮೊಂತಿ ಹಬ್ಬ ಒಂದೇ ವಾರದಲ್ಲಿ ಬಂದದ್ದು ನಿನಗೆ ಗೊತ್ತಲ್ಲ. ಮಸೀದಿಯವರ ಹಸಿರು ತೋರಣವನ್ನೂ ನಮ್ಮ ಚರ್ಚಿನ ಬಿಳಿ ತೋರಣವನ್ನೂ ಒಂದೇ ಓಣಿಯಲ್ಲಿ ಕಟ್ಟಿದವರು ಹನೀಫ್ ಮತ್ತು ನಮ್ಮ ಯಜಮಾನರು ಎಡ್ವಿನ್. ಇಬ್ಬರೂ ಸೇರಿ ಶಾಮಿಯಾನ, ಮೈಕಿನ ಅಂಗಡಿ ಇಟ್ಟಲ್ಲಿಂದ ಎರಡೂ ಹಬ್ಬದ ಕೆಲಸ ಅವರದ್ದೇ ಅಲ್ವಾ. ಮಿಲಾದಿನ ಹಿಂದಿನ ದಿನ ಮಳೆಗೆ ಹಸಿರು ತೋರಣ ಜೋತುಬಿದ್ದು ಮೀನಿನ ಲಾರಿಗಳಿಗೆ ತಾಗುತ್ತಿತ್ತು. ಹನೀಫ್ ಉಡುಪಿಯಲ್ಲಿದ್ದ. ಫೋನ್ ಮಾಡಿ, "ಎಡ್ವಿನಣ್ಣ, ಅದನ್ನೊಮ್ಮೆ ಬಿಚ್ಚಿ ಇಡಿ, ನಾನು ಬಂದು ಎತ್ತರಕ್ಕೆ ಕಟ್ಟುತ್ತೇನೆ" ಎಂದ. ಇವರು ಏಣಿ ಇಟ್ಟು ಬಿಚ್ಚಿದರು. ಯಾರೋ ಕಾರಿನಲ್ಲಿ ಹೋಗುವವರು ಅದನ್ನು ವಿಡಿಯೋ ಮಾಡಿಕೊಂಡು, ಕ್ರಿಶ್ಚಿಯನ್ನರು ಮಿಲಾದಿನ ತೋರಣ ಕಿತ್ತು ಹಾಕಿದರು ಎಂದು ಬರೆದು ಊರಿಗೆಲ್ಲ ಕಳಿಸಿದರು.

ಬೆಳಗಾಗುವಾಗ ಚರ್ಚಿನ ಎದುರು ಮಾತೆಯ ಪ್ರತಿಮೆ ಇಟ್ಟ ಗ್ರೊಟ್ಟೊದ ಗಾಜು ಒಡೆದಿತ್ತು. ಕಲ್ಲು ಬಿಸಾಡಿದವರು ಯಾರು ಎಂದು ಈಗಲೂ ಗೊತ್ತಿಲ್ಲ. ಮೊದಲು ನೋಡಿದವನು ಹನೀಫ್. ಪೂಜೆಗೆ ಬರುವ ಮಕ್ಕಳ ಕಾಲಿಗೆ ಚುಚ್ಚುತ್ತದೆ ಎಂದು ಪೊರಕೆ ತಂದು ಗುಡಿಸಿದ. ಚರ್ಚಿನ ಕ್ಯಾಮೆರಾದಲ್ಲಿ ಒಡೆದದ್ದು ಇಲ್ಲ, ಕತ್ತಲೆ. ಗಾಜಿನ ಹತ್ತಿರ ಹನೀಫ್ ನಿಂತದ್ದು ಮಾತ್ರ ಉಂಟು.

ಇಬ್ಬರನ್ನೂ ಠಾಣೆಗೆ ಕರೆದರು. ನಾನೂ ಹೋಗಿ ಹೊರಗೆ ಬೆಂಚಿನಲ್ಲಿ ಕೂತಿದ್ದೆ, ಬಾಗಿಲು ತೆರೆದೇ ಇತ್ತು. "ಬಿಚ್ಚಲು ಹೇಳಿದ್ದು ನಾನೇ ಸಾರ್, ಎಡ್ವಿನಣ್ಣನದ್ದು ಎಂತದೂ ಇಲ್ಲ" ಎಂದು ಹನೀಫ್ ಹೇಳಿದ್ದು ನನಗೆ ಕೇಳಿಸಿತು. ಸಾಹೇಬರು ಸಿಟ್ಟು ಮಾಡಲಿಲ್ಲ. "ನೀವು ಹೇಳುವುದು ನಿಜವೇ ಇರಬಹುದು. ಆದರೆ ಒಂದು ಕಡೆಯವರನ್ನು ಬಿಟ್ಟರೆ ಇನ್ನೊಂದು ಕಡೆಯವರು ಠಾಣೆ ಮುಂದೆ ಕೂರುತ್ತಾರೆ. ಎರಡೂ ಕಡೆಯಿಂದ ಒಂದೊಂದು ಹೆಸರು ಇದ್ದರೆ ಊರು ತಣ್ಣಗಾಗುತ್ತದೆ" ಎಂದರು.

ಆಮೇಲೆ ಶಾಂತಿ ಸಭೆ ಆಯಿತು. ಪಂಚಾಯತಿನ ಹಾಲಿನಲ್ಲಿ ನಮಗೆ ಎಡಗಡೆ, ನಿಮ್ಮವರಿಗೆ ಬಲಗಡೆ ಕುರ್ಚಿ ಹಾಕಿದ್ದರು. ಹಾಗೆ ಬೇರೆ ಬೇರೆ ಕೂತದ್ದು ನನಗೆ ನೆನಪಿದ್ದ ಹಾಗೆ ಅದೇ ಮೊದಲು. ಮೇಲಿನಿಂದ ಬಂದ ಅಧಿಕಾರಿ, "ನೀವಿಬ್ಬರೂ ಅಲ್ಪಸಂಖ್ಯಾತರು. ನಿಮ್ಮ ನಿಮ್ಮಲ್ಲೇ ಜಗಳವಾದರೆ ಸರ್ಕಾರ ಯಾರ ಕಡೆ ನಿಲ್ಲಬೇಕು?" ಎಂದು ಕೇಳಿದರು. ಎರಡೂ ಮೆರವಣಿಗೆ ರದ್ದು. ಎಡ್ವಿನ್ ಮತ್ತು ಹನೀಫ್ ಒಂದು ವರ್ಷ ಶಾಂತಿ ಕಾಪಾಡುತ್ತೇವೆಂದು ಮುಚ್ಚಳಿಕೆ ಬರೆದುಕೊಟ್ಟರು. ಒಬ್ಬರ ಮನೆಯ ಕಡೆ ಇನ್ನೊಬ್ಬರ ಮನೆಯವರು ಸುಳಿಯಬಾರದು, ಸುಳಿದರೆ ಕೇಸು ಎಂದು ಬಾಯಿಮಾತಿನಲ್ಲಿ ಹೇಳಿದರು. ಓಣಿಯ ಮೋರಿಯ ಹತ್ತಿರ ಬ್ಯಾರಿಕೇಡ್ ಬಂತು. ಫಾದರ್ ಮತ್ತು ಮಸೀದಿಯ ಅಧ್ಯಕ್ಷರು ಕೈಕುಲುಕಿದ ಫೋಟೋ ಪೇಪರಿನಲ್ಲಿ ಬಂತು. ಚೆನ್ನಾಗಿಯೇ ಬಂದಿತ್ತು.

ಅಂಗಡಿ ಮುಚ್ಚಿದೆ. ಬೀಗದ ಕೈ ಒಂದು ಇವರ ಹತ್ತಿರ, ಒಂದು ಹನೀಫನ ಹತ್ತಿರ ಉಂಟು. ಯಾರು ಮೊದಲು ಹೋಗಿ ತೆರೆಯುವುದು?

ಮಣಿಪಾಲದ ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಉಮ್ಮನಿಗೆ ಬೆಳಿಗ್ಗೆ ಇನ್ಸುಲಿನ್ ಕೊಡುತ್ತಿದ್ದವಳು ನಾನೇ. ಅದು ನಿಂತಿತು. ಹನೀಫನ ಹೆಂಡತಿ ಕಲಿತುಕೊಂಡಳಂತೆ, ಒಳ್ಳೆಯದಾಯಿತು. ಜಗಳದ ಸುದ್ದಿಯನ್ನು ಉಮ್ಮನಿಗೆ ಯಾರೂ ಹೇಳಿರಲಿಲ್ಲ. ಮೀನಿನ ಸರಸ ಗೊತ್ತಲ್ಲ, ಅವಳು ನಮ್ಮವಳೂ ಅಲ್ಲ, ನಿಮ್ಮವಳೂ ಅಲ್ಲ. ಬುಟ್ಟಿ ಹೊತ್ತುಕೊಂಡು ಎರಡೂ ಕಡೆ ಹೋಗುತ್ತಾಳೆ. ಅವಳೇ ಒಂದು ದಿನ ಹೇಳಿದಳು: "ಮೇಬಲ್ ಬಾಯಿ, ಆ ಅಜ್ಜಿ ದಿನಾ ನಿಮ್ಮನ್ನು ಕೇಳುವುದು. ಯಾಕೆ ಬರುವುದಿಲ್ಲ ಅಂತ ನಾನು ಅವಳಿಗೆ ಎಂತ ಹೇಳುವುದು?" ನಾನು ಬಂಗುಡೆ ತೆಗೆದುಕೊಂಡು ಒಳಗೆ ಬಂದೆ. ಸಾರು ಮಾಡಿದೆ, ಊಟ ಮಾಡಿದೆವು.

ಉಮ್ಮ ಹೋದ ದಿನ ನನಗೆ ನಿಮ್ಮ ಮನೆಯ ಒಳಗೆ ಬರಲಾಗಲಿಲ್ಲ. ಉಮ್ಮನನ್ನು ಮಲಗಿಸಿದ ಸಂದೂಕ ಹೊತ್ತುಕೊಂಡು ಹೋಗುವಾಗ ನಮ್ಮ ಮಹಡಿಯಿಂದ ನೋಡಿದೆ. ಎಡ್ವಿನ್ ಕಿಟಕಿಯ ಹಿಂದೆ ನಿಂತಿದ್ದರು, ಬಿಳಿ ಅಂಗಿ ಹಾಕಿಕೊಂಡು. ನನಗೆ ಅಳು ಬರಲಿಲ್ಲ, ಮೈಮೂನಾ. ಈಗಲೂ ಬಂದಿಲ್ಲ. ಕೈಕಾಲು ಜೋಮು ಹಿಡಿದ ಹಾಗೆ ಒಳಗೂ ಹಿಡಿದಿದೆ. ಕೆಮ್ಮಣ್ಣಿನಲ್ಲಿರುವ ನನ್ನ ಅಕ್ಕ ಶಾರ್ಲೆಟ್ ಬಂದು ಇರು ಎನ್ನುತ್ತಾಳೆ. ಎಲ್ಲಿದ್ದರೂ ಇದೇ.

ಉಮ್ಮನಿಗೆ ಪೂಜೆಯಲ್ಲಿ ಪ್ರಾರ್ಥಿಸಿದ್ದೇನೆ. ಹೆಸರು ಗಟ್ಟಿಯಾಗಿ ಹೇಳಲಿಲ್ಲ. ನಿನ್ನನ್ನು, ನಿನ್ನ ಮಕ್ಕಳನ್ನು ದೇವರು ಒಳ್ಳೆಯದಾಗಿ ಇಡಲಿ. ಆ ದೇಶದಲ್ಲಿ ನಿಮ್ಮ ಮನೆಯ ಬಾಗಿಲಿಗೆ ಯಾವ ಕೇಡೂ ಬರದಿರಲಿ.

ನಿನ್ನ
ಮೇಬಲ್

ವಿ.ಸೂ.: ಬರೆಯುವುದು ಬೇಡವೆಂದುಕೊಂಡಿದ್ದೆ. ಉಮ್ಮ ಹೋದ ಆ ಬೆಳಿಗ್ಗೆ ಅವರಿಗೆ ಅಸೌಖ್ಯ ಜೋರು ಎಂದು ಸರಸ ಹೇಳಿದ ಕೂಡಲೇ ನಾನು ಬ್ಯಾರಿಕೇಡಿನ ತನಕ ಹೋಗಿದ್ದೆ. ಅಲ್ಲಿದ್ದ ಪೊಲೀಸ್ ಘಟ್ಟದ ಮೇಲಿನವನು, ಹೊಸಬ, ಒಳ್ಳೆಯವನು. "ಆ ಮನೆಯವರು ಯಾರಾದ್ರೂ ಗೊತ್ತು ಅಂದ್ರೆ ಬಿಡ್ತೀನಮ್ಮ" ಎಂದ. ಅಷ್ಟರಲ್ಲಿ ಹನೀಫ್ ಔಷಧಕ್ಕೆ ಓಡಿ ಬರುತ್ತಿದ್ದ. "ಇವರು ನಿಮಗೆ ಗೊತ್ತಾ?" ಎಂದು ಪೊಲೀಸ್ ಕೇಳಿದ. ಹನೀಫ್ ನನ್ನ ಮುಖ ನೋಡಿದ. ಸರಿಯಾಗಿಯೇ ನೋಡಿದ. "ಇಲ್ಲ, ಗೊತ್ತಿಲ್ಲ" ಎಂದು ಹೇಳಿ ಹೋದ. ಹೆದರಿದ್ದ, ಅದು ನನಗೆ ಅರ್ಥವಾಗುತ್ತದೆ. ನೀನು ಅವನನ್ನು ಇದರ ಬಗ್ಗೆ ಕೇಳಬೇಡ. ಪೊಲೀಸ್ ತನ್ನ ಕುರ್ಚಿಯನ್ನು ನನಗೆ ಕೊಟ್ಟು, "ಕೂತ್ಕೊಳ್ಳಿ ಅಮ್ಮ, ಬಿಸಿಲು" ಎಂದ. ಕೂತೆ. ನಿಮ್ಮ ಮನೆಯ ಬಾಗಿಲು ಅಲ್ಲಿಂದ ಕಾಣುತ್ತದೆ. ಒಳಗಿನಿಂದ ಹೆಂಗಸರ ಅಳು ಕೇಳುವ ತನಕ ಕೂತಿದ್ದೆ.