ಸದ್ದಿಲ್ಲದ ಫ್ಯಾನು

ಗೋಡೆಯಾಚೆಯ ಕುಂಭನಿಗೆ,

ಆಶೀರ್ವಾದ ಕೊನೆಯಲ್ಲಿದೆ, ಮೊದಲು ಉಳಿದದ್ದನ್ನು ಓದು. ಕೂಗಿದರೆ ಕೇಳುವಷ್ಟು ಹತ್ತಿರವಿದ್ದುಕೊಂಡು ಅಕ್ಕ ಕಾಗದ ಬರೆಯುವುದೇಕೆ ಎನ್ನಬೇಡ. ಕೂಗಿದರೆ ಸದ್ದಾಗುತ್ತದೆ ಕಣೋ. ಕಾಗದ ಸದ್ದು ಮಾಡುವುದಿಲ್ಲ, ಹರಿಯುವಾಗ ಒಂದಿಷ್ಟು ಮಾಡುವುದು ಬಿಟ್ಟರೆ.

ನಿನಗೆ ಕುಂಭಕರ್ಣ ಎಂದು ಹೆಸರಿಟ್ಟವಳು ನಾನೇ. ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಿದ್ದರೆ ನೀನು ಅದರ ಬುಡದಲ್ಲೇ ಮಲಗುತ್ತಿದ್ದೆ. ಮಿಷನ್ ಓಡುವಷ್ಟು ಹೊತ್ತೂ ನಿದ್ದೆ. ದಾರ ಕಡಿದು ನಿಂತಿತೋ, ಎದ್ದು ರಾಗ ತೆಗೆಯುತ್ತಿದ್ದೆ. ‘ಲೇ, ಬಂದು ತುಳಿಯೇ ಸ್ವಲ್ಪ, ಇವನು ಎದ್ದ’ ಎಂದು ಅಮ್ಮ ಕೂಗುವಳು. ಬಟ್ಟೆಯಿಲ್ಲದ ಮಿಷನ್ನನ್ನು ಸುಮ್ಮನೆ ತುಳಿಯುತ್ತ ನಾನು ಹಾಡುತ್ತಿದ್ದೆ: ‘ಟಕಟಕ ಟಕಟಕ ಹೊಲಿಗೆ, ಕುಂಭ ನಿದ್ದೆಯ ಮಡಿಲಿಗೆ.’ ನನ್ನ ಪ್ರಾಸದ ಚಟ ಶುರುವಾದದ್ದೇ ಅಲ್ಲಿ. ನಿನ್ನ ನಿದ್ದೆಯೂ ಅಲ್ಲಿಯದೇ.

ಆ ಮಿಷನ್ ಇದ್ದ ಕೋಣೆಯೇ ಈಗ ನನ್ನ ಅಣಬೆ ಕೋಣೆ. ಮನೆ ಭಾಗವಾದಾಗ ಅದು ನನ್ನ ಪಾಲಿಗೆ ಬಂತು. ‘ಅದೂ ಇತ್ಲಾಗೆ ಬಂದಿದ್ರೆ ನಮ್ಮ ಹಾಲ್ ದೊಡ್ಡದಾಗ್ತಿತ್ತು ನೋಡಕ್ಕ’ ಎಂದು ನೀನು ನಕ್ಕೆ. ನಾನೂ ನಕ್ಕೆ. ಮುದ್ರಣಾಲಯ ಮುಚ್ಚಿದ ಮೇಲೆ ಕರಡು ತಿದ್ದುವ ನನ್ನ ಕೆಲಸವೂ ಮುಚ್ಚಿತು. ಕನ್ನಡದ ಪದವಿ ಹಿಡಿದು ಎಲ್ಲಿಗೆ ಹೋಗಲಿ? ಹುಲ್ಲು ತುಂಬಿದ ಚೀಲಗಳನ್ನು ಸಾಲಾಗಿ ತೂಗುಹಾಕಿದೆ. ಪದವಿ ಪಡೆದ ಅಕ್ಕ, ಅಣಬೆ ಬೆಳೆದಳು ಪಕ್ಕ. ಎರಡು ಹೋಟೆಲಿನವರು ಕೊಳ್ಳುತ್ತಾರೆ. ನನ್ನ ಒಲೆ ಉರಿಯುವುದು ಅದರಿಂದಲೇ ಎಂಬುದು ನಿನಗೆ ಗೊತ್ತು.

ಅಣಬೆಯೂ ನಮ್ಮ ಹಾಗೇ ಉಸಿರಾಡುತ್ತದೆ. ಬಿಟ್ಟ ಉಸಿರು ಕೋಣೆಯಲ್ಲೇ ನಿಂತರೆ ಕೊಡೆ ಅರಳುವುದಿಲ್ಲ, ಕಾಲು ಮಾತ್ರ ಉದ್ದವಾಗುತ್ತದೆ. ಗಾಳಿ ಹುಡುಕಿಕೊಂಡು ಕತ್ತು ಚಾಚುತ್ತದೆ, ಪಾಪ. ಅದಕ್ಕೇ ಬೀದಿಯ ಕಡೆಯ ಗೋಡೆಗೆ ಕಬ್ಬಿಣದ ರೆಕ್ಕೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೆ. ಅದು ಗದ್ದಲ ಮಾಡುತ್ತಿತ್ತು, ಒಪ್ಪುತ್ತೇನೆ. ಗೋಡೆಯೇ ನಡುಗುತ್ತಿತ್ತು. ನೀನು ಬಂದು ‘ಅಕ್ಕ, ಕಣ್ಣು ಮುಚ್ಚೋಕಾಗ್ತಿಲ್ಲ’ ಎಂದದ್ದರಲ್ಲಿ ತಪ್ಪಿರಲಿಲ್ಲ. ಚಿಕ್ಕಪ್ಪನನ್ನು ಕರೆಸಿದ್ದು ಸ್ವಲ್ಪ ಹೆಚ್ಚಾಯಿತು, ಇರಲಿ. ಅವರು ತೀರ್ಮಾನ ಹೇಳಿದರು: ಸದ್ದು ನಿಂತರೆ ಕೋಣೆ ನಿನ್ನಕ್ಕನದು, ನಿಲ್ಲದಿದ್ದರೆ ನಿನ್ನದು. ಮುಂದಿನ ಸಲ ಬಂದು ತಾವೇ ಕಿವಿಯಾರೆ ಕೇಳುವುದಾಗಿ ಹೇಳಿದರು. ನಾನು ‘ಆಗಲಿ’ ಎಂದೆ. ತಮ್ಮನ ಮೇಲಲ್ಲ, ಫ್ಯಾನಿನ ಮೇಲೆ ಪಣ ಕಟ್ಟುತ್ತಿದ್ದೇನೆ ಎಂದುಕೊಂಡಿದ್ದೆ.

ಸದ್ದಿಲ್ಲದ ಫ್ಯಾನಿಗಾಗಿ ನಾನು ಹತ್ತಿ ಇಳಿದ ಅಂಗಡಿಗಳಷ್ಟು ಮನೆಗಳನ್ನು ಮದುವೆಗೆ ಗಂಡು ಹುಡುಕುವವರೂ ಹತ್ತಿ ಇಳಿದಿರಲಾರರು. ಡಬ್ಬದ ಮೇಲೆ ಎಲ್ಲವೂ ಮೌನಿಗಳೇ, ಕರೆಂಟು ಕೊಟ್ಟರೆ ಎಲ್ಲವೂ ಭಾಷಣಕಾರರೇ. ನಾನು ಪ್ರತಿಯೊಂದನ್ನೂ ಓಡಿಸಿ, ಕಿವಿಯಿಟ್ಟು ಕೇಳಿದೆ. ಕಡೆಗೆ ತಿಳಿದದ್ದು ಇಷ್ಟು: ಚಿಕ್ಕ ಫ್ಯಾನು ಓಡೋಡಿ ಕಿರುಚುತ್ತದೆ, ದೊಡ್ಡದನ್ನು ನಿಧಾನ ಓಡಿಸಿದರೆ ಅಷ್ಟೇ ಗಾಳಿಯನ್ನು ಸುಮ್ಮನೆ ಸಾಗಿಸುತ್ತದೆ. ಕೊಳವೆಯ ನಡುವೆ ಕೂರುವಂಥ ಒಂದು ದೊಡ್ಡ ಫ್ಯಾನನ್ನು ಅಂಗಡಿಯವನು ತೆಗೆದುಕೊಟ್ಟು, ‘ಮೇಡಂ, ಇದು ಓಡ್ತಿದ್ಯೋ ಇಲ್ವೋ ಅಂತಾನೇ ಗೊತ್ತಾಗಲ್ಲ’ ಎಂದ. ಅವನ ನಾಲಿಗೆಯಲ್ಲಿ ಮಚ್ಚೆಯಿತ್ತೋ ಏನೋ.

ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಫ್ಯಾನನ್ನು ಸೂರಿನ ಕೊಂಡಿಯಿಂದ ರಬ್ಬರ್ ಪಟ್ಟಿಯಲ್ಲಿ ತೊಟ್ಟಿಲಿನ ಹಾಗೆ ತೂಗುಹಾಕಿದೆ. ಗಾಳಿ ತಿರುವಿನಲ್ಲಿ ಗುದ್ದಾಡಬಾರದೆಂದು ಕೊಳವೆಯನ್ನು ಹಳೆಯ ಫ್ಯಾನಿನ ಕಿಂಡಿಯಿಂದ ನೇರವಾಗಿ ಬೀದಿಗೆ ಬಿಟ್ಟೆ. ಒಳಬರುವ ದಾರಿಯನ್ನು ಅಗಲ ಮಾಡಿ, ನೊಣ ಬಾರದ ಹಾಗೆ ಜಾಲರಿ ಕಟ್ಟಿದೆ. ಗಾಳಿ ಹೋಗುತ್ತಿದೆಯೆಂದು ತಿಳಿಯಲು ಕೊಳವೆಯ ಬಾಯಿಗೆ ಒಂದು ಕಾಗದದ ಪಟ್ಟಿ ಅಂಟಿಸಿದೆ. ಅದು ಹಾರಾಡುತ್ತಿತ್ತು, ಸದ್ದಿರಲಿಲ್ಲ. ಅಂದು ಒಬ್ಬಳೇ ಹಾಡಿಕೊಂಡೆ: ಸದ್ದಿಲ್ಲದ ಫ್ಯಾನು, ಸುದ್ದಿಯಿಲ್ಲದ ನಾನು.

ಆದರೂ ಅಳುಕು. ಗೋಡೆಗೆ ಕಿವಿಯಿಟ್ಟರೆ ಎಲ್ಲೋ ಒಂದು ಎಳೆ ಗುಂಯ್ ಎಂದಂತಾಗುತ್ತಿತ್ತು. ನಿನ್ನ ಕಿವಿಗೆ ಅದೂ ಬೀಳಬಾರದೆಂದು, ಚಿಕ್ಕಪ್ಪ ಬರುವ ವಾರ, ಅಮ್ಮನ ಹಳೆಯ ಕಂಬಳಿಯನ್ನು ಫ್ಯಾನಿಗೆ ಬಿಗಿಯಾಗಿ ಸುತ್ತಿ ಕಟ್ಟಿದೆ. ಆಮೇಲೆ ಪೂರ್ತಿ ನಿಶ್ಶಬ್ದ. ಗೆದ್ದೆ ಎಂದುಕೊಂಡೆ. ಆ ವಾರ ಆ ಕೋಣೆಗೆ ಹೋದಾಗಲೆಲ್ಲ ಕಿವಿ ಮಾತ್ರ ಕೊಟ್ಟೆ, ಕಣ್ಣು ಕೊಡಲಿಲ್ಲ.

ಭಾನುವಾರ ನಿನ್ನ ಮನೆಯಲ್ಲಿ ಚಿಕ್ಕಪ್ಪನಿಗೆ ಊಟ, ನಿನ್ನ ಮಂಚದ ಮೇಲೆ ಪಂಚಾಯಿತಿ. ನನ್ನನ್ನೂ ಕರೆದಿರಿ, ಬಾಗಿಲ ಬಳಿ ನಿಂತೆ. ಅವರು ಗೋಡೆಗೆ ಕಿವಿ ಹಚ್ಚಿದರು. ನನಗೇನೂ ಕೇಳಿಸಲಿಲ್ಲ. ನೀನು ಹುಬ್ಬು ಗಂಟಿಕ್ಕಿ, ‘ಕೇಳಿಸ್ತಾ ಚಿಕ್ಕಪ್ಪ? ಗುಂಯ್ ಅಂತಿದ್ಯಲ್ಲ, ಅದೇ. ತಲೇಲಿ ಜೇನು ಕಟ್ಟಿದ ಹಾಗಾಗುತ್ತೆ’ ಎಂದೆ. ಚಿಕ್ಕಪ್ಪ ಕಣ್ಣು ಮುಚ್ಚಿ, ಒಮ್ಮೆ ತೇಗಿ, ‘ಹೂಂ... ಇದೆ, ಇದೆ. ಸಣ್ಣಗೆ ಇದೆ’ ಎಂದರು. ಊಟದ ರುಚಿ ನಾಲಿಗೆಗೆ, ಅದರ ಋಣ ಕಿವಿಗೆ. ‘ಮಾತು ಅಂದ್ರೆ ಮಾತು ಕಣಮ್ಮ. ತಿಂಗಳ ಕೊನೆಗೆ ಬಿಟ್ಕೊಡು. ಒಂಟಿ ಜೀವಕ್ಕೆ ಎಷ್ಟು ಕೋಣೆ ಬೇಕು?’ ನಿನ್ನ ಹೆಂಡತಿ ಮಾತ್ರ ನೆಲ ನೋಡಿದಳು. ಅವಳ ಕಿವಿ ಚೆನ್ನಾಗಿದೆ ಎಂದು ಕಾಣುತ್ತದೆ.

ಆಗಲೂ ನಾನು ನಿನ್ನನ್ನು ನಂಬಿದೆ, ಕುಂಭ. ಅದೇ ನನಗೆ ಈಗ ಕಹಿ. ನನಗೇ ವಯಸ್ಸಾಯಿತು, ಕಿವಿ ಮಂದವಾಯಿತು, ತಮ್ಮ ಪಾಪ ನಿದ್ದೆಗೆಟ್ಟಿದ್ದಾನೆ ಎಂದುಕೊಂಡೇ, ಅಲ್ಲಿಂದ ನೇರವಾಗಿ ನನ್ನ ಕೈಯಾರೆ ಫ್ಯಾನು ಆರಿಸಲು ಹೋದೆ. ಕಾಗದದ ಪಟ್ಟಿ ನೆಟ್ಟಗೆ ಜೋತುಬಿದ್ದಿತ್ತು. ಚೀಲಗಳ ತುಂಬ ಉದ್ದ ಕಾಲಿನ, ತಲೆಯೇ ಇಲ್ಲದ ಅಣಬೆ. ಒಂದು ದಿನದಲ್ಲಿ ಹಾಗಾಗುವುದಿಲ್ಲ. ಮೋಟಾರ್ ರಿಪೇರಿಯವನು ಬಿಚ್ಚಿ ನೋಡಿ, ‘ಕಂಬಳಿ ಹೊದಿಸಿದ್ರಾ ಅಕ್ಕ? ಇದಕ್ಕೇನು ಚಳಿ ಜ್ವರವಾ? ಕಾವು ಹೋಗೋಕೆ ದಾರಿಯಿಲ್ದೆ ಕಾಯಿಲ್ ಸುಟ್ಟು ಆಗ್ಲೇ ನಾಲ್ಕೈದು ದಿನ ಆಗಿದೆ’ ಎಂದು ನಕ್ಕ. ನಾನೂ ನಕ್ಕೆ. ನಿನ್ನ ನಿದ್ದೆಗಾಗಿ ಉಸಿರು ಕೊಡುವ ಯಂತ್ರದ ಉಸಿರನ್ನೇ ಕಟ್ಟಿಸಿದ್ದೆ.

ಅಂದರೆ, ನೀನು ಜೇನುಗೂಡನ್ನು ಕೇಳಿಸಿಕೊಳ್ಳುತ್ತಿದ್ದಾಗ ಫ್ಯಾನು ಹೆಣವಾಗಿತ್ತು. ನಿನಗೆ ಕೇಳಿಸುತ್ತಿದ್ದದ್ದು ನಾನು. ನಾನು ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತಲೇ ಇರುತ್ತೇನೆ, ಇದ್ದೇನಲ್ಲ, ಅದಕ್ಕೆ. ಕೋಣೆ ಬೇಕು ಅಕ್ಕ ಎಂದು ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ, ಹಾಳಾದವಳು ನಾನು, ಕೊಟ್ಟೇಬಿಡುತ್ತಿದ್ದೆನೇನೋ.

ಈಗ ಕೊಡುವುದಿಲ್ಲ. ಚಿಕ್ಕಪ್ಪನಿಗೆ ಹೇಳಿ ನಿನ್ನ ಮಾನ ಕಳೆಯುವುದೂ ಇಲ್ಲ. ಒಡಹುಟ್ಟಿದವನು ಸುಳ್ಳುಗಾರ ಎನ್ನಿಸಿಕೊಳ್ಳಬಾರದಲ್ಲ, ಅದಕ್ಕೊಂದು ದಾರಿ ಮಾಡಿದ್ದೇನೆ. ಅಟ್ಟದಿಂದ ಆ ಹಳೆಯ ಕಬ್ಬಿಣದ ಫ್ಯಾನನ್ನು ಇಳಿಸಿ, ಎಣ್ಣೆ ಬಿಟ್ಟು, ಅದೇ ಕಿಂಡಿಗೆ ನಾಲ್ಕು ಮೊಳೆ ಜಡಿದು ಕೂರಿಸಿದ್ದೇನೆ. ಅದರ ಒಂದು ರೆಕ್ಕೆ ಸೊಟ್ಟಗಾಗಿದೆ. ಓಡುವಾಗ ಟಕಟಕ ಟಕಟಕ ಎನ್ನುತ್ತದೆ, ಥೇಟ್ ಅಮ್ಮನ ಮಿಷನ್. ಈ ಕಾಗದ ನಿನ್ನ ಬಾಗಿಲ ಕೆಳಗೆ ತೂರಿಸಿ ಬಂದು ಸ್ವಿಚ್ ಹಾಕುತ್ತೇನೆ. ಇನ್ನು ಮುಂದೆ ನೀನು ಹೇಳುವುದೆಲ್ಲ ನಿಜ.

ನೂರು ವರ್ಷ ಬಾಳಪ್ಪ, ಕಿವಿ ಹೀಗೇ ಚುರುಕಾಗಿರಲಿ. ನಿದ್ದೆ ಬಂದರೆ ಮಲಗು. ಮಿಷನ್ ತುಳಿಯಲು ಇನ್ನು ನಾನು ಬರುವುದಿಲ್ಲ.

ಗೋಡೆಯೀಚೆಯ ಸದ್ದು,
ನಿನ್ನ ಅಕ್ಕ