ಮಿಂಚುಳ್ಳಿಯನ್ನು ಕಂಡವನು ನಾನೊಬ್ಬನೇ

ಗೆಳೆಯಾ,

ತೀರಿಕೊಂಡ ಮೇಲೂ ನೀನು ನನ್ನ ಹೊಟ್ಟೆ ಉರಿಸುವುದನ್ನು ಬಿಟ್ಟಿಲ್ಲ. ಇಂದು ಬೆಳಿಗ್ಗೆ ಸರೋವರದ ಅಭಯಾರಣ್ಯಕ್ಕೆ, ಹಕ್ಕಿ ನೋಡುವ ನಡಿಗೆಗೆ ಹೋಗಿದ್ದೆ. ಅಲ್ಲಿನ ಹಳೆಯ ಬಂಗಲೆಯ ಮೆಟ್ಟಿಲ ಮೇಲೆ ನಿಂತು ನಮ್ಮನ್ನು ಬರಮಾಡಿಕೊಂಡ ಮಾರ್ಗದರ್ಶಿ ನಮ್ಮಿಬ್ಬರ ಶಿಷ್ಯೆ. ಅವಳಿಗೆ ದಿನವೂ ವಿಜ್ಞಾನ ಕಲಿಸಿದವನು ನಾನು. ನೀನು ವಾರಕ್ಕೊಮ್ಮೆ ಬಣ್ಣದ ಡಬ್ಬಿ ಹಿಡಿದು ಬರುತ್ತಿದ್ದವನು.

ನೀರಿನಂಚಿಗೆ ಬಂದಾಗ ಅವಳು, "ಎಲ್ಲರೂ ಕಣ್ಣು ಮುಚ್ಕೊಳ್ಳಿ. ಮೊದಲು ಕೇಳ್ಬೇಕು, ಆಮೇಲೆ ನೋಡ್ಬೇಕು. ನಮ್ಮ ಡ್ರಾಯಿಂಗ್ ಮೇಷ್ಟ್ರು ಕಲಿಸಿದ ಪಾಠ ಇದು," ಎಂದಳು. ಅವಳೂ ಸೇರಿ ಎಲ್ಲರೂ ವಿಧೇಯರಾಗಿ ಮುಚ್ಚಿದರು. ನಿನ್ನ ಪಾಠಕ್ಕೆ ನಾನೇಕೆ ಕಣ್ಣು ಮುಚ್ಚಲಿ? ಬಿಟ್ಟುಕೊಂಡೇ ನಿಂತೆ. ಆಗಲೇ ಮಿಂಚುಳ್ಳಿಯೊಂದು ನೀರಿಗೆರಗಿ, ಮೀನು ಕಚ್ಚಿಕೊಂಡು ಮೇಲೆದ್ದಿತು.

"ಸಾರ್, ನೀವು ಕಣ್ಣು ಮುಚ್ಚಲೇ ಇಲ್ಲ ಅಲ್ವಾ?" ಎಂದು ಕಣ್ಣು ತೆರೆದ ಅವಳು ನನ್ನ ಮುಖ ನೋಡಿ ನಕ್ಕಳು. "ಡ್ರಾಯಿಂಗ್ ಮೇಷ್ಟ್ರು ಆಗ್ಲೇ ಹೇಳ್ತಿದ್ರು, ವಿಜ್ಞಾನದ ಮೇಷ್ಟ್ರ ಕಣ್ಣು ತಪ್ಪಿಸೋಕೆ ಯಾವ ಹಕ್ಕಿಗೂ ಆಗಲ್ಲ ಅಂತ."

ನನ್ನ ಬೆನ್ನ ಹಿಂದೆ ನನ್ನನ್ನು ಹೊಗಳುತ್ತಿದ್ದೆಯಾ? ಹೊಗಳುವುದರಲ್ಲೂ ನೀನೇ ಮುಂದೆ.

ಮಿಂಚುಳ್ಳಿಯ ವಿಷಯವನ್ನು ನಾನು ಅವಳಿಗೆ ಹೇಳಲಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.